ಹೆಸರು ಕೂಗುತ್ತಾರೆ

ಹಾಡು ಹೆಂಗಸರಿಗೆ ಹೊಸದೇನಲ್ಲ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ, ಮದುವೆಯಲ್ಲಿ ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಹಾಡದ ಹೆಂಗಸು ನಮ್ಮ ಅಜ್ಜಿಯರ ಕಾಲದಲ್ಲಿ ಯಾರಿದ್ದರು? ಅಂಥ ಹಾಡುಗಳನ್ನು ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಮಾಡಿಸಿದರು. ಅದರ ಒಂದೊಂದು ತ್ರಿಪದಿಯನ್ನೂ ಯಾವಳೋ ಒಬ್ಬ ತಾಯಿ, ಯಾವಳೋ ಒಬ್ಬ ತಂಗಿ ಕಟ್ಟಿರಬೇಕು. ಆದರೆ ಕಟ್ಟಿದವಳ ಹೆಸರು ಯಾರಿಗೂ ಗೊತ್ತಿಲ್ಲ. ಹಾಡು ಉಳಿಯಿತು, ಹೆಸರು ಉಳಿಯಲಿಲ್ಲ.

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನನಗೆ ಈ ಹೆಸರಿನ ವಿಚಾರ ಬಹಳ ದಿನಗಳಿಂದ ಕಾಡುತ್ತಿದೆ. ಮನೆಯೊಳಗೆ ಹೆಣ್ಣು ಹಾಡಿದರೆ ಅದು ಮಂಗಳಕರ. ಅದೇ ಹಾಡು ಹೊಸ್ತಿಲು ದಾಟಿ ನಾಲ್ಕು ಜನ ಗಂಡಸರ ಕಿವಿಗೆ ಬಿದ್ದರೆ ಹಾಡಿದವಳ ಮರ್ಯಾದೆಗೇ ಕುಂದು. ಈ ಎರಡು ಮಾತುಗಳ ನಡುವೆ ಎಷ್ಟು ಕೊರಳುಗಳು ಉಡುಗಿಹೋದವೋ!

ಹೊಸ್ತಿಲು ದಾಟಿದವರು ಯಾರು ಎಂದು ನೋಡಿದರೆ ಮೊದಲು ಸಿಗುವ ಹೆಸರು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ನಮ್ಮ ದೇಶದ ಹಾಡುಗಳನ್ನು ಮುದ್ರಿಸಿಕೊಳ್ಳಲು ಬಂದಾಗ ಅವರ ಭೋಂಗಾದ ಮುಂದೆ ನಿಂತು ಹಾಡಿದಾಕೆ. ತಟ್ಟೆಗಳು ಒತ್ತಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ, ಅದಕ್ಕಾಗಿ ಹಾಡಿನ ಕೊನೆಗೆ ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ನನಗೆ ಆ ಹಾಡಿಗಿಂತ ಆ ಕೂಗೇ ದೊಡ್ಡದೆನಿಸುತ್ತದೆ. ಆಕೆ ಕೊನೆಗಾಲಕ್ಕೆ ಬಂದು ಸೇರಿದ್ದು ನಮ್ಮ ಮೈಸೂರನ್ನೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಆಶ್ರಯ ಪಡೆದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಇನ್ನೊಬ್ಬರು ನಮ್ಮ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಹಾಗೆ ಹೋಗುವಾಗ ಬೀದಿಯ ಜನ ಆಡಿಕೊಳ್ಳುತ್ತಿದ್ದರಂತೆ. ಅವರ ಮೊದಲ ತಟ್ಟೆಗಳ ಮೇಲೆ ಇದ್ದದ್ದು ‘ಗಾಂಧಾರಿ’ ಎಂಬ ಹೆಸರು. ಅದೇ ಹೆಣ್ಣುಮಗಳಿಗೆ 2002ರಲ್ಲಿ ಪದ್ಮವಿಭೂಷಣ ಬಂತು. ಆಡಿಕೊಂಡವರ ಹೆಸರು ಈಗ ಯಾರಿಗೆ ನೆನಪಿದೆ?

ಇವರಿಬ್ಬರೂ ಹಾಡುಗಾರಿಕೆಯ ಮನೆತನದಿಂದಲೇ ಬಂದವರು. ನಮ್ಮ ನಿಮ್ಮಂಥ ಸಂಸಾರಸ್ಥರ ಮನೆಗೆ ಹಾಡು ಬೇರೆ ದಾರಿಯಿಂದ ಬಂತು. ಅದು ರೇಡಿಯೋ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಆಮೇಲೆ ನಮ್ಮ ಭದ್ರಾವತಿಗೂ ಆಕಾಶವಾಣಿ ಬಂತು. ರೇಡಿಯೋದಲ್ಲಿ ಹಾಡುವವಳ ಮುಖ ಕಾಣುವುದಿಲ್ಲ, ಕೊರಳು ಮಾತ್ರ ಊರೆಲ್ಲ ಸುತ್ತುತ್ತದೆ. ಹೆಂಗಸರಿಗೆ ಇದು ಎಷ್ಟು ದೊಡ್ಡ ಅನುಕೂಲವಾಯಿತೆಂದು ಯಾರಾದರೂ ಯೋಚಿಸಿದ್ದಾರೆಯೇ?

ತರೀಕೆರೆಯ ನಮ್ಮ ಮನೆಯಲ್ಲಿ ರೇಡಿಯೋ ಇದ್ದದ್ದು ನಡುಮನೆಯ ಗೂಡಿನಲ್ಲಿ. ಅಮ್ಮ ಅದರ ಕೆಳಗೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಒಂದು ನೋಟ್‌ಬುಕ್, ನಮ್ಮ ಮುರಿದ ಪೆನ್ಸಿಲ್. ಹಾಡು ಬಂದ ಕೂಡಲೇ ಮೊರ ಬದಿಗಿಟ್ಟು ಬರೆಯಲು ಶುರು. ಹಾಡಿನ ವೇಗಕ್ಕೆ ಅವಳ ಕೈ ಓಡುತ್ತಿರಲಿಲ್ಲ. ಹಾಗಾಗಿ ತಪ್ಪಿಹೋದ ಸಾಲಿನ ಜಾಗವನ್ನು ಖಾಲಿ ಬಿಟ್ಟು ಮುಂದಿನದನ್ನು ಬರೆಯುತ್ತಿದ್ದಳು. ಅದೇ ಹಾಡು ಮತ್ತೆ ಬರುವುದು ಯಾವಾಗಲೋ! ಬಂದ ದಿನ ಖಾಲಿ ಜಾಗ ತುಂಬುವುದು. ಆ ಪುಸ್ತಕ ಈಗ ನನ್ನ ಬಳಿ ಇದೆ. ಒಂದೇ ಹಾಡಿನಲ್ಲಿ ಪೆನ್ಸಿಲ್, ನೀಲಿ ಶಾಯಿ, ಕೆಂಪು ಶಾಯಿ ಮೂರೂ ಇವೆ. ಒಂದು ಹಾಡು ಕಲಿಯಲು ಅವಳಿಗೆ ಎಷ್ಟು ತಿಂಗಳು ಹಿಡಿಯಿತೆಂದು ಆ ಬಣ್ಣಗಳೇ ಹೇಳುತ್ತವೆ.

ಅಮ್ಮನಿಗೆ ತುಂಬಾ ಇಷ್ಟವಾಗಿದ್ದುದು ‘ಗೆಜ್ಜೆಪೂಜೆ’ ಚಿತ್ರದಲ್ಲಿ ಎಸ್. ಜಾನಕಿ ಹಾಡಿದ ಹಾಡು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಚಿತ್ರ ಮಾಡಿದ್ದರು. ಗೆಜ್ಜೆ ಕಟ್ಟುವ ಮನೆತನದಲ್ಲಿ ಹುಟ್ಟಿ, ಸಂಸಾರ ಬೇಕೆಂದು ಹಂಬಲಿಸುವ ಹುಡುಗಿಯ ಕಥೆ ಅದು. ಅವಳಿಗೆ ಸಂಸಾರ ಬೇಕಿತ್ತು. ಸಂಸಾರವಿದ್ದ ನಮ್ಮಮ್ಮನಿಗೆ ಹಾಡು ಬೇಕಿತ್ತು.

1979ರಲ್ಲಿ ಪಕ್ಕದ ಮನೆಯ ಟೀಚರೊಬ್ಬರು ಭದ್ರಾವತಿಗೆ ಹೋದವರು ಸುಗಮ ಸಂಗೀತದ ಧ್ವನಿ ಪರೀಕ್ಷೆಯ ಅರ್ಜಿ ತಂದುಕೊಟ್ಟರು. “ನಿಮ್ಮ ಕೊರಳಿಗೆ ಖಂಡಿತ ಆಗುತ್ತೆ, ತುಂಬಿ ಕೊಡಿ” ಎಂದರು. ಅಮ್ಮ ಎರಡು ದಿನ ಅದನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದಳು. ಮೂರನೆಯ ದಿನ ಅಪ್ಪನಿಗೆ ಹೇಳಿದಳು. ಅಪ್ಪ ಗದರುವ ಸ್ವಭಾವದವರಲ್ಲ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. “ಮನೇಲಿ ಹಾಡು, ಬೇಡ ಅಂದವರ್ಯಾರು? ಅಲ್ಲಿ ಹಾಡಿದ್ರೆ ಹೆಸರು ಕೂಗ್ತಾರೆ. ನಾಳೆ ಮಂಡೀಲಿ ನಾಲ್ಕು ಜನ ಕೇಳಿದ್ರೆ ನಾನೇನು ಹೇಳಲಿ?” ಎಂದರು. ಅಮ್ಮ ಏನೂ ಹೇಳಲಿಲ್ಲ. ಅರ್ಜಿ ಒಲೆಗೆ ಹೋಯಿತು.

ಕೋರಿಕೆಯ ಚಿತ್ರಗೀತೆಗೆ ಅಮ್ಮ ಆಗಾಗ ಕಾರ್ಡು ಹಾಕುತ್ತಿದ್ದಳು. ಯಾವಾಗಲೂ ಅದರಲ್ಲಿ ನನ್ನ ಮತ್ತು ನನ್ನ ತಮ್ಮನ ಹೆಸರು. ಇದಾದ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ರೇಡಿಯೋದವರು ಹಾಡು ಬಯಸಿದವರ ಹೆಸರು ಓದುತ್ತ ಬಂದರು. ತರೀಕೆರೆಯಿಂದ ಎಂದು ಹೇಳಿ ಅಮ್ಮನ ಹೆಸರು ಓದಿದರು. ನಮ್ಮ ಹೆಸರಿಲ್ಲ, ಅಪ್ಪನ ಹೆಸರಿಲ್ಲ, ಅವಳದೊಂದೇ. ಹಾಡು ಅದೇ ‘ಗೆಜ್ಜೆಪೂಜೆ’ಯದು. ಊಟಕ್ಕೆ ಕುಳಿತಿದ್ದ ಅಪ್ಪ ತುತ್ತು ಕೈಯಲ್ಲೇ ಹಿಡಿದು ಅಮ್ಮನ ಮುಖ ನೋಡಿದರು. ಅಮ್ಮ ಸಾರು ಬಡಿಸಿದಳು. ಆ ಹೊತ್ತಿನಲ್ಲಿ ಊರಿನ ಎಷ್ಟೋ ಮನೆಗಳಲ್ಲಿ ಆ ಹೆಸರು ಕೇಳಿಸಿತು. ಮಂಡಿಯಲ್ಲಿ ಯಾರೂ ಏನೂ ಕೇಳಲಿಲ್ಲವೆಂದು ಕಾಣುತ್ತದೆ. ಆದರೆ ಅವಳ ಕೊರಳು ಮಾತ್ರ ಆ ಪೆಟ್ಟಿಗೆಯಿಂದ ಎಂದೂ ಬರಲಿಲ್ಲ.

ಮುಂದೆ ಕ್ಯಾಸೆಟ್ಟಿನ ಕಾಲ ಬಂತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲೇ ಬಂದಿತ್ತು. ಚೀಟಿ ದುಡ್ಡಿನಲ್ಲಿ ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬರುವಾಗ 1985. ಕೆ. ಎಸ್. ನರಸಿಂಹಸ್ವಾಮಿಯವರು ‘ಮೈಸೂರು ಮಲ್ಲಿಗೆ’ ಬರೆದದ್ದು 1942ರಲ್ಲಿ. ನಮ್ಮಮ್ಮನಂಥವರಿಗೆ ಅದು ಸಿಕ್ಕಿದ್ದು ಸಿ. ಅಶ್ವಥ್ ಅವರ ರಾಗ ಕೂಡಿಕೊಂಡ ಮೇಲೆ. ಪುಸ್ತಕದ ಅಂಗಡಿಗೆ ಹೋಗದ ಹೆಂಗಸರು ಕವಿಗಳನ್ನು ಕಿವಿಯಿಂದ ಓದಿದರು. ಒಂದು ಸಾಲು ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕಿಲ್ಲ, ಗುಂಡಿ ಒತ್ತಿ ಹಿಂದೆ ತಿರುಗಿಸಿದರೆ ಆಯಿತು. ಅಮ್ಮನ ಪುಸ್ತಕದಲ್ಲಿ ಅಲ್ಲಿಂದಾಚೆಗೆ ಖಾಲಿ ಸಾಲುಗಳಿಲ್ಲ.

ನಮ್ಮ ಶಾಲೆಯ ಹುಡುಗಿಯರು ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆಯನ್ನು ಹಾಡುವುದು ಅದೇ ಅನಂತಸ್ವಾಮಿಯವರ ಧಾಟಿಯಲ್ಲಿ. ಸರ್ಕಾರ 2022ರಲ್ಲಿ ಅದನ್ನೇ ಗೊತ್ತುಮಾಡಿತು. ಪ್ರತಿಭಾ ಕಾರಂಜಿಗೆ ಹೋಗುವ ಹುಡುಗಿ ಮೈಕಿನ ಮುಂದೆ ನಿಂತು ಮೊದಲು ತನ್ನ ಹೆಸರು, ತರಗತಿ ಹೇಳುತ್ತಾಳೆ. ಕೆಲವರು ನಾಚಿ ಹೆಸರನ್ನು ನುಂಗುತ್ತಾರೆ. “ಇನ್ನೊಂದು ಸಲ ಜೋರಾಗಿ ಹೇಳಮ್ಮ” ಎನ್ನುತ್ತೇನೆ. ಹಾಡು ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ, ಹೆಸರು ಮಾತ್ರ ಹಿಂದಿನ ಸಾಲಿನವರೆಗೆ ಕೇಳಬೇಕು.

ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಅವಳ ಬಗ್ಗೆ ಬರೆಯುತ್ತಿದ್ದೇನೆಂದಾಗ ನಕ್ಕಳು. “ಬೇಕಾದ್ದು ಬರಿ, ಹೆಸರು ಮಾತ್ರ ಹಾಕಬೇಡ ಕಣೇ. ನಿಮ್ಮಪ್ಪ ಇಲ್ಲದಿದ್ರೂ ಊರಿದೆ” ಎಂದಳು. ಅವಳ ಮಾತು ಮೀರಲಾರೆ, ಹಾಕಿಲ್ಲ. ಓದುವ ನೀವಾದರೂ ನಿಮ್ಮ ತಾಯಿ, ಅತ್ತೆ, ಅಜ್ಜಿಯರು ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದಿಡಿ. ಅವರು ಒಪ್ಪಿದರೆ, ಕೆಳಗೆ ಅವರ ಹೆಸರನ್ನೂ.