ನೆರಳು-ಬೆಳಕಿನ ಓಲೆ

ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಂಪ್ಯೂಟರ್ ಆಟಗಳನ್ನು ತಯಾರಿಸುವುದು ಈಗ ಅವನ ಕಸುಬು. ‘ಕಾಲೇಜಿನಲ್ಲಿದ್ದಾಗ ಬರೆದದ್ದು, ನೋಡಿ ಸಾರ್’ ಎಂದು ಒಂದು ಕಡತವನ್ನು ನನ್ನ ಯಂತ್ರಕ್ಕೆ ಹಾಕಿಕೊಟ್ಟ. ಹೆಸರಿನ ಕೊನೆಗೆ ‘ಫ್ರ್ಯಾಗ್’ ಎಂಬ ಬಾಲ. ಒತ್ತಿದೆ, ಇದನ್ನು ಯಾವುದರಿಂದ ತೆರೆಯಲಿ ಎಂದು ಯಂತ್ರ ನನ್ನನ್ನೇ ಕೇಳಿತು. ಚಿತ್ರವಿರಬೇಕೆಂದು ಬಗೆದು ಚಿತ್ರ ತೋರಿಸುವ ತಂತ್ರಾಂಶಕ್ಕೆ ಕೊಟ್ಟರೆ ಅದೂ ಒಲ್ಲೆನೆಂದಿತು. ಹುಡುಗ ನಕ್ಕ. ‘ಇದು ಚಿತ್ರವಲ್ಲ, ಚಿತ್ರ ಬರೆಯುವವನಿಗೆ ಕೊಟ್ಟ ಓಲೆ. ನೋಟ್‌ಪ್ಯಾಡಿನಲ್ಲಿ ತೆರೆಯಿರಿ.’ ತೆರೆದರೆ, ನಲವತ್ತು ಸಾಲಿನ ಅಚ್ಚುಕಟ್ಟಾದ ಬರಹ! ನಡುವೆ ಅವನದೇ ಒಂದು ಟಿಪ್ಪಣಿ: ಸಂಜೆ ನಮ್ಮೂರ ಕೆರೆ ಹೊಳೆಯುವ ಹಾಗೆ.

ಇದಕ್ಕೆ ಶೇಡರ್ ಎಂದು ಹೆಸರು. ತೆರೆಯ ಮೇಲಿನ ಚಿತ್ರವೆಂಬುದು ಚುಕ್ಕಿಗಳ ರಾಶಿ. ಅಡ್ಡಕ್ಕೆ ೧,೯೨೦, ಎತ್ತರಕ್ಕೆ ೧,೦೮೦ ಚುಕ್ಕಿಗಳ ತೆರೆಯಲ್ಲಿ ಒಟ್ಟು ೨೦,೭೩,೬೦೦ ಚುಕ್ಕಿಗಳು. ವಸ್ತುವಿನ ಮೂಲೆಗಳು ಎಲ್ಲಿ ಬೀಳಬೇಕೆಂದು ವರ್ಟೆಕ್ಸ್ ಶೇಡರ್ ಗುಣಿಸಿ ಹೇಳುತ್ತದೆ. ಒಳಗಿನ ಒಂದೊಂದು ಚುಕ್ಕಿಗೂ ಯಾವ ಬಣ್ಣವೆಂಬುದನ್ನು ಫ್ರ್ಯಾಗ್ಮೆಂಟ್ ಶೇಡರ್ ನಿರ್ಧರಿಸುತ್ತದೆ. ಅಸಂಖ್ಯ ಚುಕ್ಕಿಗಳಿಗೆ ಇರುವುದು ಒಂದೇ ಓಲೆ.

ಮೊದಲು ಇಂಥ ಓಲೆ ಇರಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ೧೯೭೧ರಲ್ಲಿ ಆನ್ರಿ ಗುರೋ, ಮುಖಮುಖವಾಗಿ ಒಡೆದು ಕಾಣುತ್ತಿದ್ದ ಆಕಾರಗಳನ್ನು ನುಣುಪಾಗಿ ತೋರಿಸುವ ಸೂತ್ರ ಕೊಟ್ಟ. ೧೯೭೩ರಲ್ಲಿ ಅಲ್ಲಿಯೇ ವಿಯೆಟ್ನಾಮಿನ ಬುಯಿ ತುವಾಂಗ್ ಫಾಂಗ್ ಮೇಲ್ಮೈಯ ಮಿನುಗಿಗೆ ಲೆಕ್ಕ ಕಟ್ಟಿದ. ಸೂತ್ರಗಳೇನೋ ಸೊಗಸೇ, ಆದರೆ ಅವು ತಂತ್ರಾಂಶದ ಹೊಟ್ಟೆಯಲ್ಲಿ ಹೂತುಹೋಗಿದ್ದವು. ಬಟ್ಟೆಗೂ ಬಂಡೆಗೂ ಒಂದೇ ನಿಯಮವಾದರೆ ಹೇಗೆ?

೧೯೮೪ರಲ್ಲಿ ಲ್ಯೂಕಾಸ್‌ಫಿಲ್ಮಿನ ರಾಬರ್ಟ್ ಕುಕ್, ಬೇರೆ ಬೇರೆ ವಸ್ತುವಿಗೆ ಬೇರೆ ಬೇರೆ ಲೆಕ್ಕವನ್ನು ಕೊಂಬೆ ಕೊಂಬೆಯಾಗಿ ಜೋಡಿಸುವ ದಾರಿ ತೋರಿಸಿದ. ಮರುವರ್ಷ ಕೆನ್ ಪರ್ಲಿನ್, ಚುಕ್ಕಿಚುಕ್ಕಿಗೂ ನಡೆಯುವ ಪುಟ್ಟ ಕ್ರಮವಿಧಿಗಳಿಂದ ಅಮೃತಶಿಲೆಯ ಗೆರೆಗಳನ್ನೇ ಮೂಡಿಸಿದ. ೧೯೮೮ರಲ್ಲಿ ಪಿಕ್ಸಾರ್ ಸಂಸ್ಥೆ ರೆಂಡರ್‌ಮ್ಯಾನ್ ನಿಯಮಾವಳಿಯನ್ನು ಪ್ರಕಟಿಸಿತು. ಅದರ ಶೇಡಿಂಗ್ ಭಾಷೆಯನ್ನು ಪ್ಯಾಟ್ ಹ್ಯಾನ್ರಹನ್ ಮತ್ತು ಜಿಮ್ ಲಾಸನ್ ೧೯೯೦ರ ಪ್ರಬಂಧದಲ್ಲಿ ವಿವರಿಸಿದರು. ೧೯೯೫ರ ‘ಟಾಯ್ ಸ್ಟೋರಿ’ ಚಿತ್ರದ ಬೊಂಬೆಗಳು ಹೊಳೆದದ್ದು ರೆಂಡರ್‌ಮ್ಯಾನಿನ ಬಲದಿಂದಲೇ. ಹೀಗೆ ಬೆಳಕಿಗೆ ಒಂದು ಭಾಷೆ ಹುಟ್ಟಿತು. ಭಾಷೆ ಹುಟ್ಟಿದ ಮೇಲೆ ಬರೆಯುವವರೂ ಓದುವವರೂ ಹುಟ್ಟಲೇಬೇಕಷ್ಟೆ.

ಓದುವವರ ಕಥೆಯೇ ನನಗೆ ಹೆಚ್ಚು ಪ್ರಿಯ. ೧೯೯೯ರ ‘ಕ್ವೇಕ್ ೩ ಅರೀನಾ’ ಆಟದ ಸಾಮಗ್ರಿಯೆಲ್ಲ ‘ಪಿಕೆ೩’ ಎಂಬ ಗಂಟುಗಳಲ್ಲಿತ್ತು. ಆ ಗಂಟು ಸಾಮಾನ್ಯವಾದ ಜಿಪ್ ಕಡತವೇ. ಬಿಚ್ಚಿದವರಿಗೆ ಒಳಗೆ ಶೇಡರ್ ಕಡತಗಳು ಸಾದಾ ಅಕ್ಷರಗಳಲ್ಲಿ ಸಿಕ್ಕವು. ಅವು ಪೂರ್ಣ ಕ್ರಮವಿಧಿಗಳಲ್ಲ. ಯಾವ ಚಿತ್ರವನ್ನು ಯಾವುದರ ಮೇಲೆ ಬೆರೆಸಬೇಕು, ಯಾವುದು ಹರಿಯಬೇಕು ಎಂಬ ವಿಧಿಗಳು. ಒಂದು ಸಂಖ್ಯೆಯನ್ನು ತಿದ್ದಿದರೆ ಗೋಡೆಯ ಮೇಲಿನ ಬೆಂಕಿ ವೇಗವಾಗಿ ಹರಿಯುತ್ತಿತ್ತು. ಗುರುವಿಲ್ಲದೆ ವಿದ್ಯೆ ಕಲಿಯುವ ದಾರಿ ಅದು.

೨೦೦೧ರಲ್ಲಿ ಜೀಫೋರ್ಸ್ ೩ ಬಂದು, ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡೂ ಶೇಡರ್ ಓದಲು ಕಲಿಯಿತು. ೨೦೦೪ರ ಓಪನ್‌ಜಿಎಲ್ ೨.೦ರಲ್ಲಿ ಬರಹವನ್ನು ಇದ್ದಂತೆಯೇ ಕಾರ್ಡಿನ ಚಾಲಕ ತಂತ್ರಾಂಶಕ್ಕೆ ಕೊಡಬಹುದಾಗಿತ್ತು. ೨೦೧೬ರಲ್ಲಿ ಬಂದ ವಲ್ಕನ್ ಹಾಗಲ್ಲ. ಅದಕ್ಕೆ ಮೊದಲೇ ಅಂಕೆಗಳಾಗಿ ಅರೆದ ‘ಸ್ಪಿರ್-ವಿ’ ರೂಪ ಬೇಕು. ಒಂದೊಂದು ಚಾಲಕವೂ ಒಂದೊಂದು ಅರ್ಥ ಮಾಡುತ್ತಿದ್ದ ತೊಂದರೆ ಇದರಿಂದ ತಗ್ಗಿತು. ಆದರೆ ಆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಕಾಣುವುದು ಬರಿಯ ಗೀಚು. ಹಾಗೆ ಕಂಡಾಗ ಏನನ್ನೂ ಉಳಿಸದೆ ಮುಚ್ಚುವುದು ಜಾಣತನ. ಉಳಿಸಿದರೆ ಕಡತ ಕೆಟ್ಟೀತು. ಅದನ್ನು ಬಿಡಿಸಿ ತೋರಿಸುವ ಉಪಕರಣಗಳೂ ಉಂಟು. ಅವು ಲೆಕ್ಕವನ್ನು ಹಿಂದಕ್ಕೆ ತರಬಲ್ಲವು, ಟಿಪ್ಪಣಿಯನ್ನು ತರಲಾರವು. ಕೆರೆಯ ಹೊಳಪು ಉಳಿಯುತ್ತದೆ, ‘ನಮ್ಮೂರ’ ಎಂಬ ಮಾತು ಹೋಗುತ್ತದೆ.

ಇದು ನನಗೇಕೆ ನಾಟಿತೆಂದರೆ, ನನ್ನ ಎಂ.ಎ. ಪ್ರಬಂಧವೂ ಒಂದು ಕಡತದಲ್ಲಿದೆ. ಯೂನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮೊದಲು, ಯಾವುದೋ ಅಂಗಡಿಯ ಯಾವುದೋ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿಸಿದ್ದು. ಇಂದು ಅದು ತೆರೆಯುತ್ತದೆ. ಓದಲು ಮಾತ್ರ ಬಾರದು. ಮುಚ್ಚಿದ ಬಾಗಿಲಿಗಿಂತ ತೆರೆದೂ ಕಾಣದ ಕೋಣೆ ಹೆಚ್ಚು ದುಃಖ ಕೊಡುತ್ತದೆ.

ಹುಡುಗ ಹೊರಟು ನಿಂತಾಗ ಹೇಳಿದೆ: ‘ಅರೆದದ್ದನ್ನು ಯಂತ್ರಕ್ಕೆ ಕೊಡಪ್ಪ, ಬರೆದದ್ದನ್ನು ನಿನ್ನ ಹತ್ತಿರ ಇಟ್ಟುಕೊ.’ ಅವನು ತಲೆಯಾಡಿಸಿ, ಆ ನಲವತ್ತು ಸಾಲಿನ ಇನ್ನೊಂದು ಪ್ರತಿಯನ್ನು ನನ್ನಲ್ಲೇ ಬಿಟ್ಟುಹೋದ.