ಕೋಟೆಯಲ್ಲದ ಕೋಟೆ: ನ್ಯಾಕಡೋಚಿಸ್‌ನ ಹಳೆಯ ಫೋಟೊಗಳು ಹೇಳುವ ಕತೆ

ಅಮೆರಿಕದ ಟೆಕ್ಸಸ್ ರಾಜ್ಯದ ಪೂರ್ವಕ್ಕೆ ನ್ಯಾಕಡೋಚಿಸ್ ಅಂತ ಒಂದು ಹಳೆಯ ಊರಿದೆ. ಅಲ್ಲಿದ್ದ 'ಓಲ್ಡ್ ಸ್ಟೋನ್ ಫೋರ್ಟ್', ಅಂದರೆ ಹಳೆಯ ಕಲ್ಲುಕೋಟೆಯ 19ನೇ ಶತಮಾನದ ಫೋಟೊಗಳನ್ನು ಮೊದಲ ಸಲ ನೋಡಿದಾಗ ನಾನು ಬುರುಜು ಎಲ್ಲಿ, ಕಂದಕ ಎಲ್ಲಿ ಅಂತ ಹುಡುಕಿದೆ. ಎರಡೂ ಇಲ್ಲ. ಕಂಡಿದ್ದು ಎರಡಂತಸ್ತಿನ ಮನೆ, ಇಳಿಜಾರು ಚಾವಣಿ, ಮುಂದೆ ಮರದ ಪಡಸಾಲೆ. ಯಾಕೆಂದರೆ ಅದನ್ನು ಕೋಟೆಯಾಗಿ ಕಟ್ಟಿರಲೇ ಇಲ್ಲ.

ಕಟ್ಟಿದ್ದು ಯಾರು?

ಆಗ ಟೆಕ್ಸಸ್ ಸ್ಪೇನ್ ಸಾಮ್ರಾಜ್ಯದ ಗಡಿನಾಡು. 1773ರಲ್ಲಿ ಸರ್ಕಾರ ಲಾಸ್ ಅಡಾಯೆಸ್ ಎಂಬ ಗಡಿ ಊರಿನ ಜನರನ್ನು ಒಕ್ಕಲೆಬ್ಬಿಸಿ, ದೂರದ ಸ್ಯಾನ್ ಆಂಟೋನಿಯೊಗೆ ಹೋಗಿ ಎಂದಿತು. ಜನ ಅಲ್ಲಿ ನಿಲ್ಲಲಿಲ್ಲ. ಆಂಟೋನಿಯೊ ಹಿಲ್ ಇಬಾರ್ಬೊ ಎಂಬಾತನ ಮುಂದಾಳತ್ವದಲ್ಲಿ ಪೂರ್ವಕ್ಕೆ ಮರಳಿ, 1779ರಲ್ಲಿ ನ್ಯಾಕಡೋಚಿಸ್‌ನಲ್ಲಿ ನೆಲೆಯೂರಿದರು. ಊರಿನ ಹೆಸರು ಅದಕ್ಕೂ ಮುಂಚೆ ಅಲ್ಲಿ ಬಾಳಿದ ಕ್ಯಾಡೊ ಮೂಲನಿವಾಸಿಗಳದು. ಕಲ್ಲಿನ ಮನೆ ಕಟ್ಟಿಸಿದ್ದು ಇದೇ ಇಬಾರ್ಬೊ. ವ್ಯಾಪಾರವೂ ಅಲ್ಲೇ, ಸರ್ಕಾರಿ ಕೆಲಸವೂ ಅಲ್ಲೇ.

'ಕೋಟೆ' ಆಗಿದ್ದು ಹೇಗೆ?

ಗಡಿ ಊರಲ್ಲಿ ಗಟ್ಟಿ ಕಟ್ಟಡ ಯಾರ ಕೈಯಲ್ಲಿದೆಯೋ ಊರು ಅವರದು. ಹಾಗಾಗಿ ದಂಗೆಕೋರರ ಕಣ್ಣು ಸದಾ ಇದರ ಮೇಲೆ. 1819ರಲ್ಲಿ ಜೇಮ್ಸ್ ಲಾಂಗ್ ಈ ಊರಲ್ಲಿ ಸ್ವತಂತ್ರ ಗಣರಾಜ್ಯ ಘೋಷಿಸಿದ, ಅದು ಬಾಳಲಿಲ್ಲ. 1826ರ ಡಿಸೆಂಬರಿನಲ್ಲಿ, ಟೆಕ್ಸಸ್ ಮೆಕ್ಸಿಕೊದ ಭಾಗವಾಗಿದ್ದಾಗ, ಎಡ್ವರ್ಡ್ಸ್ ಸಹೋದರರ ಬೆಂಬಲಿಗರು ಈ ಕಲ್ಲುಮನೆಯನ್ನು ವಶಪಡಿಸಿಕೊಂಡು 'ಫ್ರೆಡೋನಿಯಾ ಗಣರಾಜ್ಯ' ಸಾರಿದರು. ಮುಂದಿನ ತಿಂಗಳೇ ಅದೂ ಮುಗೀತು. 'ಕಲ್ಲುಕೋಟೆ' ಅನ್ನೋ ಹೆಸರು ಗಟ್ಟಿಯಾಗಿದ್ದು ಸ್ಪೇನ್ ಜಾಗ ಬಿಟ್ಟ ಮೇಲೆ, ಇಂಗ್ಲಿಷ್ ಮಾತಾಡುವ ವಲಸಿಗರ ಕಾಲದಲ್ಲಿ.

ನನ್ನ ತಕರಾರು ಇರೋದು ಇಲ್ಲೇ. 'ಮನೆ' ಅಂದರೆ ಕಟ್ಟಿದವರು ಯಾರು, ಅಲ್ಲಿ ಇದ್ದವರು ಯಾರು ಅಂತ ಕೇಳ್ತೀವಿ. 'ಕೋಟೆ' ಅಂದ ತಕ್ಷಣ ಪ್ರಶ್ನೆ ಬದಲಾಗುತ್ತೆ: ಶತ್ರು ಯಾರು? ಒಕ್ಕಲೆಬ್ಬಿಸಲ್ಪಟ್ಟು ಹಠ ಹಿಡಿದು ಮರಳಿದ ಸ್ಪ್ಯಾನಿಷ್ ಭಾಷಿಕರ ಕತೆ ಹಿಂದೆ ಸರಿದು, ಬಂದೂಕು ಹಿಡಿದವರ ಕತೆ ಮುಂದೆ ಬರುತ್ತೆ. ಕ್ಯಾಡೊ ಜನರಂತೂ ಇನ್ನೂ ಹಿಂದಕ್ಕೆ.

ಕೆಡವಿದ್ದು, ಮತ್ತೆ ಕಟ್ಟಿದ್ದು

ಇಷ್ಟೆಲ್ಲ 'ಶೌರ್ಯ'ದ ಹೆಸರಿದ್ದರೂ ಕಟ್ಟಡ ಉಳಿಯಲಿಲ್ಲ. 1902ರಲ್ಲಿ ಹೊಸ ವಾಣಿಜ್ಯ ಕಟ್ಟಡಕ್ಕಾಗಿ ಅದನ್ನು ಕೆಡವಿದರು. ಊರಿನ ಮಹಿಳಾ ಸಂಘವೊಂದು ಅದರ ಕಲ್ಲುಗಳನ್ನು ಜೋಪಾನ ಮಾಡಿತು. 1936ರಲ್ಲಿ, ಟೆಕ್ಸಸ್ ಸ್ವಾತಂತ್ರ್ಯ ಘೋಷಣೆಯ ಶತಮಾನೋತ್ಸವದ ಹೊತ್ತಿಗೆ, ಅದರ ಪ್ರತಿಕೃತಿ ಎದ್ದಿತು. ಅದು ಮೂಲ ಜಾಗದಲ್ಲಿಲ್ಲ, ಸ್ಟೀಫನ್ ಎಫ್. ಆಸ್ಟಿನ್ ವಿಶ್ವವಿದ್ಯಾಲಯದ ಆವರಣದಲ್ಲಿದೆ.

ಹಾಗಾಗಿ ಮೂಲ ಕಟ್ಟಡ ತನ್ನ ಬೀದಿಯಲ್ಲಿ ಹೇಗಿತ್ತು ಅಂತ ನೋಡಬೇಕಾದರೆ ನಮಗಿರೋದು ಆ ಫೋಟೊಗಳೇ. ನೋಡುವಾಗ ಒಂದು ಕೆಲಸ ಮಾಡಿ: ಅಡಿಬರಹವನ್ನು ಬೆರಳಿಂದ ಮುಚ್ಚಿ, ಮೊದಲು ಕಟ್ಟಡ ನೋಡಿ. ಮನೆ ಕಾಣುತ್ತೆ. ಆಮೇಲೆ ಬೆರಳು ತೆಗೆದು, ಇದನ್ನು ಕೋಟೆ ಅಂತ ಕರೆದವರು ಯಾರು ಅಂತ ಕೇಳಿ.