ರೇಖೆಯಿಂದ ಶಿಲೆಗೆ: ಪ್ರಾಚೀನ ಸ್ಥಪತಿಗಳ ಚಿತ್ರಾಭ್ಯಾಸ

ಪ್ರಾಚೀನ ಬಸದಿಯ ಮುಂದೆ ನಿಂತ ಶ್ರಾವಕನ ಕಣ್ಣಿಗೆ ಅಧಿಷ್ಠಾನ, ಭಿತ್ತಿ, ಶಿಖರಗಳು ಗೋಚರಿಸುತ್ತವೆ. ಅವೆಲ್ಲಕ್ಕೂ ಮೊದಲು ಸ್ಥಪತಿಯು ಎಳೆದ ರೇಖೆ ಮಾತ್ರ ಗೋಚರಿಸದು. ಉಳಿ ನಡೆದಂತೆಲ್ಲ ಕಲ್ಲಿನ ಮೇಲಣ ಗೆರೆ ಚಕ್ಕೆಯೊಡನೆ ಉದುರಿಹೋಯಿತು. ನೂಲು ಹಿಡಿದು ನೆಲದಲ್ಲಿ ಬರೆದ ವಿನ್ಯಾಸವನ್ನು ತಳಪಾಯವೇ ಮುಚ್ಚಿತು. ಪೂರ್ಣಗೊಂಡ ಕಟ್ಟಡವು ತನ್ನ ನಕ್ಷೆಯನ್ನು ತಾನೇ ಅಳಿಸಿಬಿಡುತ್ತದೆ. ಆದಕಾರಣ ಆ ವಿದ್ಯೆಯ ಕುರುಹನ್ನು ಅರಸುವವರು ಅಪೂರ್ಣವಾಗಿ ನಿಂತ ನಿರ್ಮಾಣಗಳ ಕಡೆಗೇ ಹೋಗಬೇಕಾಗುತ್ತದೆ.

ಅಂಥ ಸ್ಥಳಗಳಲ್ಲಿ ಮುಖ್ಯವಾದುದು ಮಧ್ಯಪ್ರದೇಶದ ಬೇತ್ವಾ ನದೀತೀರದ ಭೋಜಪುರ. ಕ್ರಿ. ಶ. 11ನೆಯ ಶತಮಾನದಲ್ಲಿ ಪರಮಾರ ಭೋಜರಾಜನ ಕಾಲಕ್ಕೆ ಸೇರಿದ ಮಹಾಶಿವಾಲಯವೊಂದು ಅಲ್ಲಿ ಅರ್ಧಕ್ಕೇ ನಿಂತಿದೆ. ಸಮೀಪದಲ್ಲಿ ಬೃಹತ್ ಜಿನಬಿಂಬವುಳ್ಳ ಜಿನಾಲಯವೂ ಅಪೂರ್ಣವಾಗಿಯೇ ಉಳಿದಿದೆ. ಭಾರವಾದ ಕಲ್ಲುಗಳನ್ನು ಮೇಲಕ್ಕೆ ಸಾಗಿಸಲು ಶಿವಾಲಯದ ಹಿಂದೆ ಹಾಕಿದ ಇಳಿಜಾರು ದಿಬ್ಬವನ್ನು ಸಹ ಯಾರೂ ತೆಗೆದಿಲ್ಲ. ಸುತ್ತಣ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದ ತಲವಿನ್ಯಾಸ, ಸ್ತಂಭ, ಅಧಿಷ್ಠಾನದ ಪಟ್ಟಿಕೆ, ಶಿಖರದ ಬಾಗು ಇವೆಲ್ಲ ಇಂದಿಗೂ ಓದಲು ದೊರೆಯುತ್ತವೆ. ಎಂದೂ ಕಟ್ಟದೆ ಉಳಿದ ಗುಡಿಗಳ ಚಿತ್ರಗಳೂ ಅವುಗಳಲ್ಲಿವೆ. ಕಾಗದವಿಲ್ಲದ ಕಾಲದಲ್ಲಿ ಬಂಡೆಯೇ ಪಾಟಿಯಾಯಿತು. ಯಜಮಾನ ಶಿಲ್ಪಿಯ ಮನಸ್ಸಿನಲ್ಲಿದ್ದ ಆಕೃತಿಯನ್ನು ಹತ್ತಾರು ಕೆಲಸಗಾರರು ಒಂದೇ ಬಗೆಯಾಗಿ ತಿಳಿಯಲು ಬೇರೆ ಉಪಾಯವಾದರೂ ಏನಿತ್ತು?

ಭೋಜನ ಹೆಸರಿನಲ್ಲಿ ಪ್ರಸಿದ್ಧವಾದ ‘ಸಮರಾಂಗಣ ಸೂತ್ರಧಾರ’ವು ಸ್ಥಪತಿಗೆ ಶಾಸ್ತ್ರ, ಕರ್ಮ, ಪ್ರಜ್ಞೆ, ಶೀಲ ಎಂಬ ನಾಲ್ಕೂ ಬೇಕೆಂದು ವಿಧಿಸುತ್ತದೆ. ಶಾಸ್ತ್ರವನ್ನು ಕಂಠಪಾಠ ಮಾಡಬಹುದು. ಕರ್ಮವು ಕೈಗೆ ಬರುವುದು ಗೆರೆಯ ಅಭ್ಯಾಸದಿಂದಲೇ. ಈ ಮಾತಿಗೆ ಭೋಜಪುರದ ಬಂಡೆಗಳಿಗಿಂತ ಬೇರೆ ವ್ಯಾಖ್ಯಾನ ಬೇಡ.

ಭೋಜನು ಪಟ್ಟವೇರುವುದಕ್ಕೆ ಕೆಲವೇ ವರ್ಷ ಮೊದಲು, ಕ್ರಿ. ಶ. 1007ರ ಸುಮಾರಿಗೆ, ಕನ್ನಡನಾಡಿನ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಅದು ಪೂರ್ಣಗೊಂಡ ಕೃತಿ. ಆದುದರಿಂದ ಅದರ ನಕ್ಷೆ ಕಾಣಿಸದು. ಅದಕ್ಕೆ ಬಳಸಿದ್ದು ಬಳಪದ ಕಲ್ಲು. ಕಡತದ ಕಪ್ಪು ಬಟ್ಟೆಯ ಮೇಲೆ ಲೆಕ್ಕ ಬರೆಯುತ್ತಿದ್ದ ಬಳಪವೂ ಅದೇ ಜಾತಿಯ ಕಲ್ಲೆಂಬುದು ಸ್ವಾರಸ್ಯಕರ! ಬರೆಯುವ ಕಲ್ಲೇ ಕಟ್ಟುವ ಕಲ್ಲಾದಾಗ ಗೆರೆಗಳು ಎಷ್ಟು ಸೂಕ್ಷ್ಮವಾಗಬಲ್ಲವೆಂಬುದನ್ನು ಚಾಲುಕ್ಯ, ಹೊಯ್ಸಳ ಶಿಲ್ಪಿಗಳು ಮುಂದೆ ತೋರಿಸಿಕೊಟ್ಟರು.

ಕಾಲಕ್ರಮದಲ್ಲಿ ಗ್ರಂಥವೊಂದೆಡೆ, ಕೈಯೊಂದೆಡೆ ಆದವು. ಶಾಸ್ತ್ರದ ತಾಳೆಗರಿ ಇದ್ದವರಿಗೆ ಗೆರೆ ತಿಳಿಯದು. ಗೆರೆ ಬಲ್ಲವರಿಗೆ ಸಂಸ್ಕೃತ ತಿಳಿಯದು. ಈ ಅಂತರವನ್ನು ಮನಗಂಡವರಲ್ಲಿ ಅಗ್ರಗಣ್ಯರು ತಂಜಾವೂರು ಪ್ರಾಂತದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮರಾಜರು. ಅವರು ವ್ಯಾಸಂಗ ಮಾಡಿದ ‘ಮಾನಸಾರ’ದಲ್ಲಿ ಜಿನಪ್ರತಿಮಾಲಕ್ಷಣಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಆದರೆ ತಾಳಮಾನ, ಅಂಗುಲಗಳ ಶ್ಲೋಕಗಳು ಕೇವಲ ವಾಚನದಿಂದ ಅರ್ಥವಾಗುವಂಥವಲ್ಲ. ಕಸುಬಿನ ಶಿಲ್ಪಿಯ ನೆರವು ಪಡೆದು, ಪೀಠ, ಸ್ತಂಭ, ವಿಮಾನ, ಗೋಪುರಗಳನ್ನು ಅಳತೆಗೆ ತಕ್ಕಂತೆ ಚಿತ್ರಿಸಿ, ರಾಮರಾಜರು ಶ್ಲೋಕದ ಪಕ್ಕದಲ್ಲಿ ರೇಖೆಯನ್ನು ನಿಲ್ಲಿಸಿದರು. 48 ಚಿತ್ರಫಲಕಗಳ ಆ ಇಂಗ್ಲಿಷ್ ಗ್ರಂಥವನ್ನು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯು 1834ರಲ್ಲಿ ಪ್ರಕಟಿಸಿತು. ಅಚ್ಚಾದ ಫಲಕಗಳನ್ನು ನೋಡಲು ರಾಮರಾಜರು ಬದುಕಿರಲಿಲ್ಲ.